ಪುಸ್ತಕದ ಬದನೆಕಾಯಿ

‘ಪುಸ್ತಕದ ಬದನೆಕಾಯಿ’ ಎಂಬ ಮಾತನ್ನು ಕೇಳದ ಕನ್ನಡಿಗರು ವಿರಳ. ಓದಿನಿಂದ ಬಂದು ಬಾಳಿಗೆ ಒದಗದೆ ಉಳಿದ ತಿಳಿವಳಿಕೆಯನ್ನು ಹಳಿಯಲು ನಾವು ಬಳಸುವ ನುಡಿಗಟ್ಟು ಅದು. ಮೂರು ದಶಕಗಳಿಗೂ ಮಿಕ್ಕಿ ಪುಸ್ತಕಗಳಿಂದಲೇ ಅನ್ನ ಉಂಡ ನನ್ನಂಥ ಅಧ್ಯಾಪಕನು ಈ ಮಾತನ್ನು ಇನ್ನೊಬ್ಬರ ಮೇಲೆ ಎಸೆಯಬಾರದು. ಒಮ್ಮೆ ಎಸೆದೆ. ಎಸೆದದ್ದು ನಮ್ಮ ಕಡೆಯ ಒಂದು ತರಗತಿಯ ಕೋಣೆಯಲ್ಲಿ. ಅದು ನನಗೇ ಹಿಂದಿರುಗಿ ಬಂದದ್ದು ಬಹಳ ವರ್ಷಗಳ ಮೇಲೆ, ನ್ಯೂಯಾರ್ಕ್ ನಗರದ ರಂಗಮಂದಿರಗಳ ನಡುವಣ ಒಂದು ಚಿಕ್ಕ ಸಿಸಿಲಿಯನ್ ಹೋಟೆಲಿನಲ್ಲಿ.

ಅದೊಂದು ಜೂನ್ ತಿಂಗಳು. ನಾನು ನ್ಯೂಜೆರ್ಸಿಯಲ್ಲಿ ಮಗಳ ಮನೆಯಲ್ಲಿದ್ದೆ. ನಾನು ಬಂದಿರುವ ಸುದ್ದಿ ಯಾರಿಂದಲೋ ತಿಳಿದು ಹಳೆಯ ವಿದ್ಯಾರ್ಥಿನಿಯೊಬ್ಬರು ದೂರವಾಣಿ ಮಾಡಿದರು. ಅಲ್ಲಿನ ಗ್ರಂಥಾಲಯವೊಂದರಲ್ಲಿ ಭಾರತೀಯ ಭಾಷೆಗಳ ಪುಸ್ತಕಗಳನ್ನು ಸೂಚೀಕರಿಸುವುದು ಅವರ ವೃತ್ತಿ. “ಸರ್, ಶುಕ್ರವಾರ ನಾಟಕಕ್ಕೆ ಎರಡು ಟಿಕೆಟ್ ತೆಗೆದಿದ್ದೇನೆ. ಮೊದಲು ಊಟ, ಆಮೇಲೆ ನಾಟಕ. ನೀವು ಬರಬೇಕು” ಎಂದರು. ಹೆಸರು ಕೇಳಿದೊಡನೆ ಮುಖ ನೆನಪಾಯಿತು. ಮುಖದೊಡನೆ ಇನ್ನೊಂದು ಸಂಗತಿಯೂ ನೆನಪಾಯಿತು. ಬರಲಾಗದು ಎನ್ನಲು ಒಂದು ನೆಪ ಹುಡುಕಿದೆ, ಸಿಗಲಿಲ್ಲ.

ಎಂಟನೆಯ ಅವೆನ್ಯೂವಿನ ಬಸ್ಸು ನಿಲ್ದಾಣದಲ್ಲಿ ಇಳಿದಾಗ ಸಂಜೆ ಐದೂವರೆ. ಆಕೆ ಬಾಗಿಲಲ್ಲೇ ಕಾದಿದ್ದರು. ತಲೆಗೂದಲು ಅರ್ಧ ನೆರೆತಿತ್ತು. ನಾನು ಬಹುವಚನದಲ್ಲಿ ಮಾತನಾಡಿಸಿದೆ. “ಏಕವಚನವೇ ಇರಲಿ ಸರ್, ಇಲ್ಲದಿದ್ದರೆ ಯಾರನ್ನೋ ಕರೆದಂತೆ ಕೇಳುತ್ತದೆ” ಎಂದು ನಕ್ಕರು.

ಆ ಪ್ರದೇಶವನ್ನು ಕಾಣದ ಓದುಗರಿಗಾಗಿ ಎರಡು ಮಾತು. ಬ್ರಾಡ್‌ವೇ ಎಂಬುದು ಒಂದು ರಸ್ತೆಯ ಹೆಸರಾದರೂ ರಂಗಭೂಮಿಯ ಲೆಕ್ಕದಲ್ಲಿ ಅದು ರಂಗಮಂದಿರಗಳ ಒಂದು ವರ್ಗದ ಹೆಸರು. ಐನೂರು ಅಥವಾ ಅದಕ್ಕೂ ಹೆಚ್ಚು ಆಸನಗಳಿರುವ 41 ಮಂದಿರಗಳು ಈ ಲೆಕ್ಕಕ್ಕೆ ಸೇರುತ್ತವೆ. ಅವುಗಳಲ್ಲಿ ಬ್ರಾಡ್‌ವೇ ರಸ್ತೆಯ ಮೇಲೆಯೇ ಇರುವವು ಕೆಲವು ಮಾತ್ರ, ಮಿಕ್ಕವು ಅದನ್ನು ಅಡ್ಡಹಾಯುವ ಬೀದಿಗಳಲ್ಲಿವೆ. ಸಂಜೆಯಾದರೆ ಆ ಬೀದಿಗಳಲ್ಲಿ ಜಾತ್ರೆ. 46ನೆಯ ಬೀದಿಯ ಒಂದು ತುಂಡಿನಲ್ಲಿ ಸಾಲು ಸಾಲು ಹೋಟೆಲುಗಳು. ನಗರಾಡಳಿತವೇ 1973ರಲ್ಲಿ ಅದನ್ನು ‘ರೆಸ್ಟೊರೆಂಟ್ ರೋ’ ಎಂದು ಕರೆಯಿತು. ನಾವು ಹೋದದ್ದು ಅಲ್ಲಿಗಲ್ಲ, ಅದರ ನೆರೆಯ ಬೀದಿಗೆ. ಕಂದುಗಲ್ಲಿನ ಹಳೆಯ ಮನೆಯೊಂದರ ಕೆಳ ಅಂತಸ್ತು. ರಸ್ತೆಯಿಂದ ನಾಲ್ಕು ಮೆಟ್ಟಿಲು ಇಳಿಯಬೇಕು. ಇಳಿದೊಡನೆ ಬೀದಿಯ ಗದ್ದಲವೆಲ್ಲ ತಲೆಯ ಮೇಲೆ ಉಳಿದುಬಿಟ್ಟಿತು.

ಒಳಗೆ ಹನ್ನೆರಡೋ ಹದಿಮೂರೋ ಮೇಜುಗಳು. ಒಂದರಿಂದ ಇನ್ನೊಂದಕ್ಕೆ ಒಂದು ಗೇಣು ಅಂತರ. ಪಕ್ಕದವರ ಮಾತು ಕೇಳದಿರಬೇಕಾದರೆ ನಾವೇ ಮಾತಾಡುತ್ತಿರಬೇಕು. ಗೋಡೆಯ ಮೇಲೆ ನಟನಟಿಯರ ಮಾಸಿದ ಭಾವಚಿತ್ರಗಳು. ಮೂಲೆಯಲ್ಲಿ ಹಿತ್ತಾಳೆಯ ಕವಚ ತೊಟ್ಟು, ಕತ್ತಿ ಹಿಡಿದು ನೇತಾಡುತ್ತಿದ್ದ ಒಂದು ಗೊಂಬೆ. ಸಿಸಿಲಿಯ ಗೊಂಬೆಯಾಟದಲ್ಲಿ ಶಾರ್ಲಮೇನ್ ಚಕ್ರವರ್ತಿಯ ವೀರರ ಕಥೆಗಳನ್ನು ಆಡಿಸುತ್ತಾರೆ. ನಮ್ಮ ಸೂತ್ರದ ಗೊಂಬೆಗಳಂತೆ ಬರಿಯ ದಾರದಿಂದಲ್ಲ, ತಲೆಗೂ ಬಲಗೈಗೂ ಕಬ್ಬಿಣದ ಸಲಾಕೆ ತೊಡಿಸಿ ಆಡಿಸುತ್ತಾರೆ. ಕಾದಾಟದಲ್ಲಿ ಕತ್ತಿಯ ಪೆಟ್ಟು ಬಿಗಿಯಾಗಿ ಬೀಳಬೇಕಾದರೆ ದಾರ ಸಾಲದು.

ಬಡಿಸುವಾತ ಅರುವತ್ತು ದಾಟಿದ ಮನುಷ್ಯ. ಮೆನು ಕೊಡುವ ಮೊದಲು ಅವನು ಕೇಳಿದ ಪ್ರಶ್ನೆ: “ನಿಮ್ಮ ನಾಟಕ ಎಷ್ಟು ಗಂಟೆಗೆ?” ಎಂಟಕ್ಕೆ ಎಂದೆವು. ತಲೆಯಾಡಿಸಿ ಗುರುತು ಹಾಕಿಕೊಂಡ. ಅಲ್ಲಿನ ಅಡುಗೆಮನೆಗಳು ನಡೆಯುವುದೇ ತೆರೆ ಏಳುವ ಹೊತ್ತನ್ನು ನೋಡಿಕೊಂಡು. ಏಳೂಮುಕ್ಕಾಲಿಗೆ ಕೋಣೆ ಖಾಲಿಯಾಗಬೇಕು, ಹತ್ತೂವರೆಗೆ ಮತ್ತೆ ತುಂಬಬೇಕು. ಆರು ಗಂಟೆಗೆ ಉಣ್ಣುವುದು ನನ್ನ ವಯಸ್ಸಿಗೆ ಒಗ್ಗಿದ್ದೇ ಆಗಿತ್ತು. ಹೊರಗೆ ಇನ್ನೂ ಬಿಸಿಲಿತ್ತು.

ನಾನು ಸಸ್ಯಾಹಾರಿ ಎಂದೆ. ಬಡಿಸುವಾತನಿಗೆ ಅದು ತೊಡಕಾಗಿ ಕಾಣಲಿಲ್ಲ. ಮೊದಲು ‘ಕಪೊನಾತಾ’ ತಂದಿಟ್ಟ: ಕರಿದ ಬದನೆಯ ಹೋಳು, ಸೆಲರಿ, ಆಲಿವ್, ಕೇಪರ್ ಮೊಗ್ಗು, ಮೇಲೆ ವಿನೆಗರ್ ಮತ್ತು ಸಕ್ಕರೆ. ಬಾಯಿಗಿಟ್ಟೊಡನೆ ನಾಲಗೆ ಅದನ್ನು ‘ಗೊಜ್ಜು’ ಎಂದು ಗುರುತಿಸಿತು. ಹುಣಿಸೆಯ ಕಡೆ ವಿನೆಗರ್, ಬೆಲ್ಲದ ಕಡೆ ಸಕ್ಕರೆ. ಹುಳಿಸಿಹಿಯ ಜಗಳ ಮಾತ್ರ ಅದೇ. ಆಮೇಲೆ ಏನು ಎಂದು ಕೇಳಿದಾಗ ಅವನು ಮೆನು ನೋಡಲು ಬಿಡದೆ “ನೋರ್ಮಾ” ಎಂದ. ನಾನು ಒಪ್ಪಿದೆ. ಆಕೆಯ ತುಟಿಯಂಚಿನಲ್ಲಿ ಒಂದು ನಗು ಮೂಡಿ ಮರೆಯಾಯಿತು. ಅದರ ಅರ್ಥ ಆಗ ನನಗೆ ಹೊಳೆಯಲಿಲ್ಲ.

ತಟ್ಟೆ ಬಂತು. ಪಾಸ್ತಾ, ಟೊಮೇಟೊ ರಸ, ಕಾಮಕಸ್ತೂರಿಯ ಎಲೆ, ಮೇಲೆ ತುರಿದ ಉಪ್ಪುಗಿಣ್ಣು, ಇವೆಲ್ಲದರ ನಡುವೆ ಎಣ್ಣೆಯಲ್ಲಿ ಕರಿದು ಬೆಣ್ಣೆಯಾಗಿದ್ದ ಬದನೆ. ಬಡಿಸುವಾತ ಸಿಸಿಲಿಯ ಪೂರ್ವತೀರದ ಕತಾನಿಯಾ ಊರಿನವನು. ಹೆಸರಿನ ಕಥೆ ಹೇಳದೆ ಅವನು ಹೋಗುವವನಲ್ಲ. ‘ನೋರ್ಮಾ’ ಎಂಬುದು ಅವನ ಊರಿನಲ್ಲೇ 1801ರಲ್ಲಿ ಹುಟ್ಟಿದ ಸಂಗೀತಕಾರ ವಿಂಚೆಂಜೊ ಬೆಲ್ಲಿನಿಯ ಗೀತನಾಟಕ. ಈ ತಿನಿಸನ್ನು ಉಂಡ ನಾಟಕಕಾರ ನಿನೊ ಮಾರ್ತೊಲ್ಯೊ ಅದರ ರುಚಿಗೆ ಮರುಳಾಗಿ, ಇದು ಸಾಕ್ಷಾತ್ ನೋರ್ಮಾ ಎಂದು ಉದ್ಗರಿಸಿದನಂತೆ. ಅಂದಿನಿಂದ ಆ ಹೆಸರು ನಿಂತಿತಂತೆ. ಈ ‘ಅಂತೆ’ಗಳನ್ನು ಸಂಶೋಧಕನು ಅಂತೆಗಳಾಗಿಯೇ ಬರೆದುಕೊಳ್ಳಬೇಕು. ಮಾರ್ತೊಲ್ಯೊ ಮಾತ್ರ ಅಂತೆಯಲ್ಲ. ಪಿರಾಂದೆಲ್ಲೊನ ಮೊದಲ ಏಕಾಂಕಗಳನ್ನು 1910ರಲ್ಲಿ ರಂಗಕ್ಕೆ ತಂದವನು ಅವನೇ.

ನಾಟಕಬೀದಿಯ ಹೋಟೆಲಿನಲ್ಲಿ ಗೀತನಾಟಕದ ಹೆಸರಿನ ಊಟ. ನಾನು ಆ ಪ್ರಸಂಗದಿಂದ ಹುರುಪುಗೊಂಡೆ. ಹಳೆಯ ಅಧ್ಯಾಪಕನ ಮುಂದೆ ಹಳೆಯ ವಿದ್ಯಾರ್ಥಿನಿ ಕುಳಿತರೆ ಪಾಠ ತಾನಾಗಿ ಆರಂಭವಾಗುತ್ತದೆ. ಈ ಒಂದು ತಟ್ಟೆಯಲ್ಲಿ ಎಷ್ಟು ದೇಶಗಳಿವೆ ನೋಡು ಎಂದೆ. ಟೊಮೇಟೊ ಅಮೆರಿಕ ಖಂಡದ್ದು. ಹದಿನಾರನೆಯ ಶತಮಾನಕ್ಕೆ ಮುನ್ನ ಇಟಲಿಯವರು ಅದನ್ನು ಕಂಡಿರಲಿಲ್ಲ. ಪಾಸ್ತಾದ ಮಾತಿಗೆ ಬಂದರೆ, ಸಿಸಿಲಿಯ ದೊರೆ ಎರಡನೆಯ ರೋಜರನ ಆಸ್ಥಾನದಲ್ಲಿದ್ದ ಅರಬ್ ಭೂಗೋಳಜ್ಞ ಅಲ್ ಇದ್ರೀಸಿ 1154ರಲ್ಲಿ ಮುಗಿಸಿದ ಗ್ರಂಥದಲ್ಲಿ, ಪಲೆರ್ಮೊ ಸಮೀಪದ ತ್ರಾಬಿಯಾದಲ್ಲಿ ‘ಇತ್ರಿಯಾ’ ಎಂಬ ಹಿಟ್ಟಿನ ಎಳೆಗಳನ್ನು ಮಾಡಿ ಹಡಗಿನಲ್ಲಿ ಹೊರದೇಶಗಳಿಗೆ ಕಳುಹಿಸುತ್ತಿದ್ದರೆಂದು ಬರೆದಿದ್ದಾನೆ. ಅರಬರ ಸೈನ್ಯ ಆ ದ್ವೀಪದಲ್ಲಿ ಇಳಿದದ್ದು 827ರಲ್ಲಿ. ಪಲೆರ್ಮೊ ಅವರ ಕೈಸೇರಿದ್ದು 831ರಲ್ಲಿ. ಆಗ ನಮ್ಮಲ್ಲಿ ಅಮೋಘವರ್ಷ ನೃಪತುಂಗ ಆಳುತ್ತಿದ್ದ. ಅರಬ್ ಬರಹಗಾರರು ‘ಬಲ್ಹರಾ’ ಎಂದು ಕೊಂಡಾಡಿದ್ದು ಅವನ ವಂಶದ ರಾಷ್ಟ್ರಕೂಟ ದೊರೆಗಳನ್ನೇ. ಆ ಅರಬ್ ಜಗತ್ತಿನ ಒಂದು ತುದಿ ನಮ್ಮ ಪಶ್ಚಿಮ ತೀರದ ರೇವುಗಳಲ್ಲಿ, ಇನ್ನೊಂದು ತುದಿ ಸಿಸಿಲಿಯಲ್ಲಿ. ನಿಂಬೆ, ಕಬ್ಬು, ಬದನೆ ಮೂರೂ ಆ ಹಾದಿಯಲ್ಲೇ ಪಶ್ಚಿಮಕ್ಕೆ ನಡೆದವು.

ಬದನೆ ಎಂಬ ಮಾತು ನನ್ನ ಬಾಯಿಂದ ಬಂದಾಗ ನಾನು ಒಂದು ಕ್ಷಣ ತಡೆದೆ. ಆಕೆ ತಟ್ಟೆಯಿಂದ ಮುಖವೆತ್ತಲಿಲ್ಲ. ತಡೆದದ್ದು ಕಾಣಬಾರದೆಂದು ಮುಂದುವರಿಸಿದೆ. ಕಾಯಿಯೊಡನೆ ಅದರ ಹೆಸರೂ ನಡೆಯಿತು. ಸಂಸ್ಕೃತದ ‘ವಾತಿಂಗಣ’ ಪಾರಸಿಯಲ್ಲಿ ‘ಬಾದಿಂಗಾನ್’ ಆಯಿತು, ಅರಬ್ಬಿಯಲ್ಲಿ ‘ಬಾದಿಂಜಾನ್’. ಸ್ಪೇನಿನಲ್ಲಿ ‘ಬೆರೆನ್‌ಹೇನಾ’, ಪೋರ್ಚುಗಲ್ಲಿನಲ್ಲಿ ‘ಬೆರಿಂಜೆಲ’. ಪೋರ್ಚುಗೀಸರು ಅದನ್ನು ಹಡಗಿನಲ್ಲಿ ಹೊತ್ತು ಮತ್ತೆ ನಮ್ಮ ತೀರಕ್ಕೇ ತಂದರು. ಅದೇ ಇಂಗ್ಲಿಷಿನ ‘ಬ್ರಿಂಜಾಲ್’. ಇಟಲಿಯಲ್ಲಿ ‘ಮೆಲಂಜಾನ’. ಅಲ್ಲಿನವರು ಅದರಲ್ಲಿ ತಮ್ಮ ನುಡಿಯ ‘ಮೇಲ’, ಅಂದರೆ ಸೇಬು ಎಂಬ ಪದವನ್ನು ಕಂಡು, ಇದು ಹುಚ್ಚು ಹಿಡಿಸುವ ಸೇಬು ಎಂದು ಅರ್ಥ ಕಟ್ಟಿದರು. ಸಂಸ್ಕೃತ ರೂಪದಲ್ಲಿ ‘ವಾತ’ವನ್ನು ಕಂಡು ವೈದ್ಯದ ಅರ್ಥ ಹೇಳಿದವರು ನಮ್ಮಲ್ಲೂ ಇದ್ದಾರೆ. ಎರವಲು ಬಂದ ಮಾತಿಗೆ ತನ್ನ ಮನೆಯ ಬಟ್ಟೆ ತೊಡಿಸದೆ ಯಾವ ಭಾಷೆಗೂ ಸಮಾಧಾನವಿಲ್ಲ. ಆದರೆ ಸಂಸ್ಕೃತಕ್ಕೆ ಆ ಮಾತು ಎಲ್ಲಿಂದ ಬಂತು? ದ್ರಾವಿಡದಿಂದ ಎಂಬುದು ವಿದ್ವಾಂಸರ ಮತ. ತಮಿಳಿನ ‘ವೞುತುಣೈ’, ಮಲೆಯಾಳದ ‘ವೞುತಿನ’, ನಮ್ಮ ‘ಬದನೆ’ ಒಂದೇ ಕುಟುಂಬದವು.

ಇಷ್ಟು ಹೇಳಿ ಸುಮ್ಮನಾದೆ. ಈ ಪಾಠವನ್ನು ನಾನು ಎಷ್ಟೋ ತರಗತಿಗಳಲ್ಲಿ ಮಾಡಿದ್ದೇನೆ. ಎಲ್ಲಿ ನಿಲ್ಲಬೇಕು, ಎಲ್ಲಿ ವಿದ್ಯಾರ್ಥಿಗಳು ಬೆರಗಾಗುತ್ತಾರೆ ಎಂಬುದು ಗೊತ್ತು. ಆಕೆ ಬೆರಗಾಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬೇರೆಯೇ ಮಾತು ತೆಗೆದರು.

“ನೋರ್ಮಾ ನೋಡಿದ್ದೀರಾ ಸರ್?”

ಇಲ್ಲ ಎಂದೆ. ಇಲ್ಲಿನ ಮೆಟ್ರೊಪಾಲಿಟನ್ ಅಪೆರಾದಲ್ಲಿ ಆಕೆ ಎರಡು ಬಾರಿ ನೋಡಿದ್ದರಂತೆ. ಆ ಸಂಸ್ಥೆಯ ಹಳೆಯ ಮಂದಿರ ನಾವು ಕುಳಿತಿದ್ದ ಕಡೆಯಿಂದ ಕೆಲವೇ ಬೀದಿಗಳ ಆಚೆ, ಬ್ರಾಡ್‌ವೇ ಮತ್ತು 39ನೆಯ ಬೀದಿ ಕೂಡುವಲ್ಲಿತ್ತು. ಮರಿಯಾ ಕಾಲಾಸ್ 1956ರಲ್ಲಿ ಅಲ್ಲಿ ಮೊದಲ ಬಾರಿಗೆ ಹಾಡಿದ್ದು ನೋರ್ಮಾಳ ಪಾತ್ರವನ್ನೇ. ಈಗ ಆ ಕಟ್ಟಡವಿಲ್ಲ. ಮಿಲಾನಿನ ಲಾ ಸ್ಕಾಲಾದಲ್ಲಿ 1831ರ ಡಿಸೆಂಬರ್ 26ರಂದು ಮೊದಲು ಆಡಿದಾಗ ಜನ ಮೆಚ್ಚಲಿಲ್ಲವೆಂದೂ, ಬೆಲ್ಲಿನಿ ಕೊರಗಿದನೆಂದೂ, ಕೆಲವು ದಿನಗಳಲ್ಲೇ ಅದು ಗೆದ್ದಿತೆಂದೂ ಆಕೆ ಹೇಳಿದರು. ಆಮೇಲೆ ಕಥೆ ಹೇಳಿದರು.

ನೋರ್ಮಾ ರೋಮನರ ಆಳ್ವಿಕೆಗೆ ಸಿಕ್ಕ ಗಾಲ್ ದೇಶದ ಅರ್ಚಕಿ. ಬ್ರಹ್ಮಚರ್ಯದ ವ್ರತ ತೊಟ್ಟವಳು. ಆದರೆ ರೋಮನ್ ಅಧಿಕಾರಿಯೊಬ್ಬನನ್ನು ಗುಟ್ಟಾಗಿ ಪ್ರೀತಿಸಿ ಎರಡು ಮಕ್ಕಳ ತಾಯಿಯಾಗಿದ್ದಾಳೆ. ಅವನು ಅವಳನ್ನು ಬಿಟ್ಟು ಕಿರಿಯ ಅರ್ಚಕಿಯೊಬ್ಬಳಿಗೆ ಮನಸೋತಿದ್ದಾನೆ. ಕೊನೆಯ ದೃಶ್ಯದಲ್ಲಿ ನೋರ್ಮಾ ಜನರನ್ನೆಲ್ಲ ಕರೆಸುತ್ತಾಳೆ. ವ್ರತಭಂಗ ಮಾಡಿದ ಒಬ್ಬ ಅರ್ಚಕಿ ನಮ್ಮ ನಡುವೆ ಇದ್ದಾಳೆ, ಚಿತೆಯನ್ನು ಅಣಿಮಾಡಿ ಎನ್ನುತ್ತಾಳೆ. ಯಾರವಳು, ಹೆಸರು ಹೇಳು ಎಂದು ಎಲ್ಲರೂ ಕೇಳುತ್ತಾರೆ. ಆ ಕಿರಿಯಳ ಹೆಸರು ಅವಳ ನಾಲಗೆಯ ತುದಿಯಲ್ಲಿದೆ. ಒಂದು ಕ್ಷಣ ತಡೆಯುತ್ತಾಳೆ. ಆಮೇಲೆ, ಅವಳು ನಾನೇ ಎನ್ನುತ್ತಾಳೆ.

“ಆ ಒಂದು ಕ್ಷಣ ವಾದ್ಯಗಳು ನಿಂತುಬಿಡುತ್ತವೆ ಸರ್. ಎರಡು ಸಲ ನೋಡಿದಾಗಲೂ ನಾನು ಉಸಿರು ಹಿಡಿದಿದ್ದೆ.”

ಆಕೆ ಇದನ್ನು ನನ್ನನ್ನು ಚುಚ್ಚಲು ಹೇಳಲಿಲ್ಲ. ಇಂದಿಗೂ ಹಾಗೆಂದೇ ನಂಬಿದ್ದೇನೆ. ಕಥೆ ಹೇಳುವಾಗ ಅವರ ಕಣ್ಣು ಗೋಡೆಯ ಮೇಲಿನ ಗೊಂಬೆಯ ಮೇಲಿತ್ತು. ಆದರೆ ಚುಚ್ಚಬೇಕಾದಲ್ಲಿ ಚುಚ್ಚಿತು.

ಈಗ ಓದುಗರಿಗೆ ಆ ಹಳೆಯ ಸಂಗತಿ ಹೇಳಬೇಕು. ವರ್ಷ 1988. ಎಂ.ಎ. ತರಗತಿ, ಭಾಷಾಚರಿತ್ರೆಯ ಪಾಠ. ಸಂಸ್ಕೃತದಿಂದ ಕನ್ನಡಕ್ಕೆ ಬಂದ ತತ್ಸಮ ತದ್ಭವಗಳನ್ನು ವಿವರಿಸುತ್ತಿದ್ದೆ. ಮೂರನೆಯ ಸಾಲಿನಿಂದ ಒಬ್ಬ ಹುಡುಗಿ ಎದ್ದು ಕೇಳಿದಳು: ಹಾದಿ ಯಾವಾಗಲೂ ಒಂದೇ ದಿಕ್ಕಿನದೇ? ಸಂಸ್ಕೃತವೂ ನಮ್ಮಿಂದ ಪಡೆದಿರಬಹುದಲ್ಲವೆ? ‘ಬ್ರಿಂಜಾಲ್’ ಎಂಬ ಮಾತು ನಮ್ಮ ‘ಬದನೆ’ಯೇ ಪರ್ಷಿಯಾ ಸುತ್ತಿ ಬಂದದ್ದಲ್ಲವೆ? ಪ್ರಶ್ನೆ ಚೆನ್ನಾಗಿತ್ತು. ನನಗೆ ಉತ್ತರ ಗೊತ್ತಿರಲಿಲ್ಲ. ಕಿಟೆಲ್ ತನ್ನ 1894ರ ನಿಘಂಟಿನ ಪೀಠಿಕೆಯಲ್ಲೇ ಸಂಸ್ಕೃತ ಕೋಶಗಳಲ್ಲಿರುವ ದ್ರಾವಿಡ ಪದಗಳ ಪಟ್ಟಿ ಕೊಟ್ಟಿದ್ದಾನೆ. ಆ ನಿಘಂಟು ದಿನವೂ ನನ್ನ ಮೇಜಿನ ಮೇಲಿರುತ್ತಿತ್ತು. ಪೀಠಿಕೆ ಓದಿರಲಿಲ್ಲ. ಗೊತ್ತಿಲ್ಲ ಎನ್ನುವುದರ ಬದಲು ನಾನು ಹೇಳಿದ್ದು: “ಪುಸ್ತಕದ ಬದನೆಕಾಯಿ ಸಾರಿಗೆ ಬರುವುದಿಲ್ಲಮ್ಮ, ಕೂತುಕೊ.” ತರಗತಿ ಗೊಳ್ಳೆಂದಿತು. ಅಂದಿನಿಂದ ಎರಡು ವರ್ಷ ಸಹಪಾಠಿಗಳು ಆ ಹುಡುಗಿಯನ್ನು ‘ಬದನೆಕಾಯಿ’ ಎಂದೇ ಕರೆದರು. ಅದು ನನ್ನ ಕಿವಿಗೂ ಬೀಳುತ್ತಿತ್ತು.

ಇದಿಷ್ಟೇ ಆಗಿದ್ದರೆ ಅಧ್ಯಾಪಕನೊಬ್ಬನ ಸಿಡುಕು ಎಂದು ಮರೆಯಬಹುದಿತ್ತು. ಆರು ತಿಂಗಳ ಮೇಲೆ ಬರೋ ಮತ್ತು ಎಮೆನೊ ಅವರ ದ್ರಾವಿಡ ಪದಗಳ ವ್ಯುತ್ಪತ್ತಿ ಕೋಶವನ್ನು, ಅದರ 1984ರ ಆವೃತ್ತಿಯನ್ನು, ಬೇರೇನೋ ಹುಡುಕುತ್ತ ತೆರೆದೆ. ಆ ಪದ ಕಣ್ಣಿಗೆ ಬಿತ್ತು. ಹುಡುಗಿ ಮುಖ್ಯ ಸಂಗತಿಯಲ್ಲಿ ಸರಿಯಾಗಿದ್ದಳು. ನಾನು ಟಿಪ್ಪಣಿ ತಿದ್ದಿಕೊಂಡೆ, ತರಗತಿಯಲ್ಲಿ ತಿದ್ದಿಕೊಳ್ಳಲಿಲ್ಲ. ಮುಂದಿನ ವರ್ಷದ ವಿದ್ಯಾರ್ಥಿಗಳಿಗೆ ಅದನ್ನೇ ನನ್ನ ಪಾಠದ ಆಭರಣವಾಗಿ ಹೇಳಿದೆ. ಕೆಲವು ವರ್ಷ ಕಳೆದು ಒಂದು ಲೇಖನ ಬರೆದೆ, ಸಂಕಲನದಲ್ಲಿ ಸೇರಿಸಿದೆ. ಬರೋ ಎಮೆನೊ ಅವರಿಗೆ, ಕಿಟೆಲ್‌ಗೆ ಋಣ ಸಲ್ಲಿಸಿದೆ. ಪ್ರಶ್ನೆ ಕೇಳಿದವಳ ಪ್ರಸ್ತಾಪವಿಲ್ಲ. ಒಂದು ಗಳಿಗೆಯ ಹಿಂದೆ ಆ ಮೇಜಿನಲ್ಲಿ ನಾನು ಹುರುಪಿನಿಂದ ಮಾಡಿದ ಪಾಠ ಅವಳದೇ ಪ್ರಶ್ನೆಯ ಉತ್ತರ. ಅದನ್ನು ಅವಳಿಗೇ ಹೊಸದೆಂಬಂತೆ ಬಡಿಸಿದ್ದೆ. ‘ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ’ ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ.

ಹೇಳಿದೆ. ಹೇಗೆ ಹೇಳಿದೆನೋ ಪೂರ್ತಿ ನೆನಪಿಲ್ಲ. ತರಗತಿಯ ಮಾತು, ಕೋಶದಲ್ಲಿ ಕಂಡದ್ದು, ಲೇಖನ, ಮೂರನ್ನೂ ಹೇಳಿದೆ. ಪಕ್ಕದ ಮೇಜಿನವರಿಗೆ ಕನ್ನಡ ಬಾರದಿದ್ದುದು ಅನುಕೂಲವಾಯಿತು.

ಆಕೆ ನೀರು ಕುಡಿದರು. “ಗೊತ್ತು ಸರ್” ಎಂದರು. “ನಿಮ್ಮ ಆ ಸಂಕಲನ ನಮ್ಮ ಗ್ರಂಥಾಲಯಕ್ಕೆ ಬಂದಿತ್ತು. ಅದನ್ನು ಸೂಚೀಕರಿಸಿದ್ದು ನಾನೇ. ಪರಿವಿಡಿಯಲ್ಲಿ ಬದನೆ ಕಂಡಿತು. ತೆರೆದು ಓದಿದೆ.”

ಏನನ್ನಿಸಿತು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಸಂಶೋಧನೆಗೆ ಬಾರದೆ ಹೋದದ್ದು ನನ್ನಿಂದಲೇ ಎಂದು ಕೇಳಿದೆ. ಆಕೆ ಯೋಚಿಸಿ ಉತ್ತರಿಸಿದರು. “ಅಲ್ಲ. ಅಪ್ಪನಿಗೆ ಕಾಯಿಲೆಯಾಯಿತು, ಕೆಲಸಕ್ಕೆ ಸೇರಲೇಬೇಕಾಯಿತು. ಆದರೆ ಆ ದಿನದ ಮೇಲೆ ನಾನು ನಿಮ್ಮ ತರಗತಿಯಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅದು ನಿಮ್ಮಿಂದ.”

ಸಮಾಧಾನ ಹೇಳಲು ಅವರು ಒಂದು ಮಾತನ್ನೂ ಸೇರಿಸಲಿಲ್ಲ. ನನಗೂ ಅದು ಬೇಕಿರಲಿಲ್ಲ. ಮತ್ತೆ ಅವರೇ ಮಾತಾಡಿದರು; ಈ ಬಾರಿ ದನಿಯಲ್ಲಿ ಹಳೆಯ ಮೂರನೆಯ ಸಾಲಿನ ಹುಡುಗಿ ಇದ್ದಳು. “ನಾನು ಕೇಳಿದ್ದರಲ್ಲೂ ತಪ್ಪಿತ್ತು ಸರ್. ‘ಬದನೆ’ಯೇ ಪರ್ಷಿಯಾಕ್ಕೆ ಹೋಯಿತು ಎಂದೆ. ಹೋದದ್ದು ಬದನೆಯಲ್ಲ, ಅದರ ಅಕ್ಕನ ಮಗಳು. ನೀವು ಅಷ್ಟನ್ನು ತಿದ್ದಿದ್ದರೆ ಸಾಕಿತ್ತು.”

ಅಧ್ಯಾಪಕ ವೃತ್ತಿಯ ಬಗೆಗೆ ನಾನು ಕೇಳಿದ ಎಷ್ಟೋ ಉಪನ್ಯಾಸಗಳಿಗಿಂತ ಆ ಕೊನೆಯ ವಾಕ್ಯ ದೊಡ್ಡದು. ಪ್ರಶ್ನೆಯೊಳಗಿನ ಸಣ್ಣ ತಪ್ಪನ್ನು ತಿದ್ದಿ, ದೊಡ್ಡ ಸತ್ಯವನ್ನು ಉಳಿಸಿಕೊಡುವುದು ಗುರುವಿನ ಕೆಲಸ. ನಾನು ಸಣ್ಣ ತಪ್ಪನ್ನೂ ಕಾಣದೆ, ದೊಡ್ಡ ಸತ್ಯವನ್ನೂ ಕಾಣದೆ, ನಗಿಸಿ ಗೆದ್ದಿದ್ದೆ.

“ಬೇಕೆಂದೇ ಈ ಹೋಟೆಲಿಗೆ ಕರೆತಂದೆಯಾ?” ಎಂದು ಕೇಳಿದೆ.

“ಇಲ್ಲ ಸರ್. ನೀವು ಸಸ್ಯಾಹಾರಿ, ಇಲ್ಲಾದರೆ ತಿನ್ನಲು ಏನಾದರೂ ಸಿಗುತ್ತದೆ ಎಂದು ಕರೆತಂದೆ. ಆದರೆ ನೀವು ಬದನೆಗೆ ಒಪ್ಪಿದಾಗ ನಗು ತಡೆಯಲಾಗಲಿಲ್ಲ.”

ಅಷ್ಟರಲ್ಲಿ ಕೋಣೆಯಲ್ಲಿ ಸದ್ದಾಯಿತು. ಏಳೂವರೆ ದಾಟಿತ್ತು. ಯಾರೋ ಸನ್ನೆ ಮಾಡಿದಂತೆ ಎಲ್ಲ ಮೇಜುಗಳವರೂ ಎದ್ದರು; ಕುರ್ಚಿಗಳು ಸರಿದವು, ಬಿಲ್ಲುಗಳು ಬಂದವು, ಮೆಟ್ಟಿಲ ಮೇಲೆ ಹೆಜ್ಜೆಗಳು ಸಾಲುಗಟ್ಟಿದವು. ಹತ್ತು ನಿಮಿಷಗಳಲ್ಲಿ ನಾವಿಬ್ಬರೇ ಉಳಿದೆವು. ಬಡಿಸುವಾತ ಬಂದು ಗಡಿಯಾರ ತೋರಿಸಿದ, ಆಮೇಲೆ ನನ್ನ ತಟ್ಟೆಯ ಕಡೆ ನೋಡಿದ. ಅರ್ಧ ಉಳಿದಿತ್ತು. ರುಚಿಸಲಿಲ್ಲವೆ ಎಂದು ಕೇಳಿದ. ಆಕೆ ಅವನಿಗೆ ಇಂಗ್ಲಿಷಿನಲ್ಲಿ ಹೇಳಿದರು: “ರುಚಿಸಿತು. ಅವರು ಮಾತಾಡುತ್ತಿದ್ದರು.” ನಾನು ತಟ್ಟೆಯಲ್ಲಿದ್ದ ಅಷ್ಟನ್ನೂ ತಿಂದು ಎದ್ದೆ.

ರಸ್ತೆಗೆ ಬಂದಾಗ ಇನ್ನೂ ಬೆಳಕಿತ್ತು. ಜನರ ನಡುವೆ ದಾರಿ ಬಿಡಿಸಿಕೊಳ್ಳುತ್ತ ನಡೆಯುವಾಗ, ಸಂಕಲನದ ಮುಂದಿನ ಮುದ್ರಣದಲ್ಲಿ ಆ ಲೇಖನಕ್ಕೆ ಒಂದು ಮಾತು ಸೇರಿಸುತ್ತೇನೆ, ನಿನ್ನ ಹೆಸರಿನೊಡನೆ ಎಂದೆ. ಆಕೆ ಬೇಡವೆಂದರು. ಹೆಸರು ಹಾಕಿದರೆ ಹಳೆಯ ಗೆಳೆಯರಿಗೆಲ್ಲ ಆ ಅಡ್ಡಹೆಸರು ಮತ್ತೆ ನೆನಪಾಗುತ್ತದೆ ಎಂದು ನಕ್ಕರು. ರಂಗಮಂದಿರದ ಬಾಗಿಲಲ್ಲಿ ಟಿಕೆಟ್ ತೋರಿಸುತ್ತ ತಿರುಗಿ ಹೇಳಿದರು:

“ತರಗತಿಯಲ್ಲಿ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆಯಿಂದ ಎಂದು ಬರೆಯಿರಿ ಸರ್. ಅಷ್ಟು ಸಾಕು. ವರ್ಷ ಮಾತ್ರ ಹಾಕಿ.”

ಸೂಚೀಕರಣದವರಿಗೆ ವರ್ಷದ ಬೆಲೆ ಗೊತ್ತು. ಆ ಸಂಕಲನ ಮತ್ತೆ ಮುದ್ರಣವಾಗುವುದೋ ಇಲ್ಲವೋ ಹೇಳಲಾರೆ. ಅದಕ್ಕೆ ಕಾಯದೆ ಇಲ್ಲಿಯೇ ಬರೆದಿಡುತ್ತಿದ್ದೇನೆ: ‘ಬದನೆ’ ಪದದ ಬಗೆಗೆ ನಾನು ಇದುವರೆಗೆ ಪಾಠ ಹೇಳಿದ್ದೂ ಬರೆದದ್ದೂ ನನ್ನ ತರಗತಿಯಲ್ಲಿ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆಯಿಂದ. ವರ್ಷ 1988.